ಜೊತೆಗೊಬ್ಬರಿಗೆ ಉಚಿತ

ಜುಲೈ 29

ಬ್ಯಾಂಕಿನ ಕಾಗದ ಬಂದಿದೆ. ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಸಾವಿರದ ಒಂಬೈನೂರ ಎಂಬತ್ತು ಡಾಲರು, ಸೆಪ್ಟೆಂಬರಿನ ಬಿಲ್ಲಿಗೆ ಸೇರಿಸುತ್ತಾರಂತೆ. ಸೇರಿಸಲಿ. ಹನ್ನೊಂದು ವರ್ಷದಿಂದ ಅವರು ಸೇರಿಸುತ್ತಲೇ ಇದ್ದಾರೆ, ನಾನು ಫೋನು ಮಾಡಿ ತೆಗೆಸುತ್ತಲೇ ಇದ್ದೇನೆ. ಹಾಂಗ್ ಕಾಂಗಿನಲ್ಲಿ ಯಾರಾದರೂ ಕಾರ್ಡಿನ ಶುಲ್ಕ ಕಟ್ಟಿದೆ ಅಂದರೆ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡುತ್ತೇವೆ. ವರ್ಷಕ್ಕೊಮ್ಮೆ ಫೋನು ಮಾಡಬೇಕು, "ಕಾರ್ಡು ಕತ್ತರಿಸಿ ಬಿಸಾಕ್ತೀನಿ" ಅನ್ನಬೇಕು, ಆ ಕಡೆಯ ಹುಡುಗಿ "ಒಂದು ನಿಮಿಷ ಮೇಡಂ" ಅಂತ ಸಂಗೀತ ಹಾಕಬೇಕು, ಸಂಗೀತ ಮುಗಿಯುವಷ್ಟರಲ್ಲಿ ಶುಲ್ಕ ಮಾಫಿ ಆಗಿರಬೇಕು. ಇಬ್ಬರಿಗೂ ಗೊತ್ತಿರುವ ನಾಟಕ.

ಈ ಸಲ ಮಾತ್ರ ಕಾರ್ಡೇ ಬೇಕಾ ಅನ್ನುವ ಪ್ರಶ್ನೆ. ಮೊದಲೆಲ್ಲ ಇಂಥ ಲೆಕ್ಕ ಊಟದ ಮೇಜಿನ ಮೇಲೆ ಬಾಯಲ್ಲೇ ಆಗುತ್ತಿತ್ತು. ಈಗ ಎದುರಿಗೆ ಯಾರೂ ಇಲ್ಲ. ಸೂಟ್‌ಕೇಸಿನ ಚಕ್ರ ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು, ಇದರ ಜೊತೆಯೇ ಮಾತು.

ಮಾಂಗ್ ಕಾಕ್‌ನಲ್ಲಿ ಮೂವತ್ತು ವರ್ಷದಿಂದ ಸೂಟ್‌ಕೇಸು ಮಾರುತ್ತಿದ್ದೇನೆ. ತಳ್ಳುಗಾಡಿಯಿಂದ ಶುರು ಮಾಡಿ, ಬಾಯಿಯ ಬಲದಿಂದ ಶಟರಿರುವ ಅಂಗಡಿ ಮಾಡಿಕೊಂಡವಳು. ಊರಿನವರನ್ನೆಲ್ಲ ವಿಮಾನ ಹತ್ತಿಸಿದ್ದೇನೆ, ನಾನು ಹತ್ತಿಲ್ಲ. ವಿಮಾನದ ಪಾಯಿಂಟು ಕೊಡುವ ಈ ಕಾರ್ಡು ನಮ್ಮನೆಯವರ ಹಟ. ಖಾತೆ ನನ್ನ ಹೆಸರಿನದು, ಅವರದು ಅದರ ಜೋಡಿ ಕಾರ್ಡು. "ಪಾಯಿಂಟು ಸೇರಲಿ ಕಣೇ ಲಿನ್, ಜಪಾನಿನ ಹೊಕ್ಕೈಡೋಗೆ ಹೋಗಿ ಹಿಮ ನೋಡೋಣ. ವಿಮಾನ ಬರೋತನಕ ಲೌಂಜಲ್ಲಿ ಮೆತ್ತನೆ ಕುರ್ಚಿ, ಪುಕ್ಕಟೆ ಊಟ. ನೋಡು, ಇಲ್ಲೇ ಬರ್ದಿದೆ, ಜೊತೆಗೊಬ್ಬರಿಗೆ ಉಚಿತ" ಅಂತ ಕಾರ್ಡಿನ ಜೊತೆ ಬಂದ ಪುಸ್ತಕ ಓದಿ ಹೇಳುತ್ತಿದ್ದರು. ಪಾಯಿಂಟು ಸೇರಿತು. ಹೋದ ವರ್ಷ ಫೆಬ್ರವರಿಯಿಂದ ಅವರಿಲ್ಲ.

ಬ್ಯಾಂಕಿಗೆ ತಿಳಿಸಿಲ್ಲ. ಅವರ ಕಾರ್ಡು ತನ್ನ ಪಾಡಿಗೆ ಡ್ರಾಯರಿನಲ್ಲಿತ್ತು, ಯಾರಿಗೂ ಲುಕ್ಸಾನಿಲ್ಲ. ಈ ವರ್ಷ ಏಪ್ರಿಲ್ಲಿನಲ್ಲಿ ಚಿಂಗ್ ಮಿಂಗ್ ಬಂತು, ಹೋದವರಿಗೆ ಕಾಗದದ ಮನೆ, ಕಾಗದದ ಅಂಗಿ, ಕಾಗದದ ಫೋನು ಸುಟ್ಟು ಕಳಿಸುವ ದಿನ. ಇವನ್ನೆಲ್ಲ ಮಾಡಿ ಮಾರುವ ತಾಮ್ ತಾತನ ಅಂಗಡಿಯಲ್ಲಿ ಕಾಗದದ ಪರ್ಸು, ಒಳಗೊಂದು ಕಾಗದದ ಕ್ರೆಡಿಟ್ ಕಾರ್ಡು, ಎರಡೂ ಸೇರಿ ನಲವತ್ತೆಂಟು. ಬರೀ ಪರ್ಸು ಮೂವತ್ತು. ನಿಜವಾದ ಕಾರ್ಡೇ ಡ್ರಾಯರಿನಲ್ಲಿ ಕೊಳೆಯುತ್ತಿರುವಾಗ ಕಾಗದದ್ದಕ್ಕೆ ಹದಿನೆಂಟು ಯಾಕೆ ದಂಡ? ಬರೀ ಪರ್ಸು ತಂದು, ಒಳಗೆ ಅವರ ಕಾರ್ಡು ತುರುಕಿ, ಅವರ ಹೆಸರು ಬರೆದು, ಗುಡ್ಡದ ಮೇಲಿನ ಸ್ಮಶಾನದ ಬೆಂಕಿಗೂಡಿಗೆ ಹಾಕಿದೆ. ಕೆಟ್ಟ ವಾಸನೆ, ಕಪ್ಪು ಹೊಗೆ. ಪಕ್ಕದಲ್ಲಿ ಸುಡುತ್ತಿದ್ದವರು ಮೂಗು ಮುಚ್ಚಿಕೊಂಡು ದುರುಗುಟ್ಟಿ ನೋಡಿದರು.

ಹದಿನೆಂಟು ಉಳಿಯಿತು.

ಜುಲೈ 31

ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಕಣ್ಣು ಹತ್ತಿತು. ಎದ್ದಾಗ ಪಕ್ಕದ ಕಾಲುಚೀಲದ ಅಂಗಡಿಯ ವಾನ್ ನನ್ನ ಭುಜ ಅಲುಗಾಡಿಸುತ್ತಿದ್ದಳು.

"ಏನಕ್ಕ ನೀನು! ಕಣ್ಣು ತೆರ್ಕೊಂಡೇ ನಿದ್ದೆ ಮಾಡ್ತೀಯಲ್ಲ! ಇಬ್ಬರು ಗಿರಾಕಿ ಬಂದು ಮಾತಾಡಿಸಿ, ಬೊಂಬೆ ಅನ್ಕೊಂಡು ವಾಪಸ್ ಹೋದ್ರು."

"ಬೊಂಬೆಗೆ ಸಂಬಳ ಕೊಡೋದು ಬೇಡ, ಲಾಭವೇ" ಅಂದೆ.

ಊಟ ಮಾಡಿರಲಿಲ್ಲ, ಆದರೂ ಹೊಟ್ಟೆ ತುಂಬಿದ ಹಾಗಿತ್ತು. ಹಲ್ಲಿನ ಸಂದಿಯಲ್ಲಿ ಮೊಟ್ಟೆಯ ಹಳದಿಯ ಪುಡಿ. ಮನೆಗೆ ಮೊಟ್ಟೆ ತಂದೇ ಎಷ್ಟೋ ದಿನವಾಗಿದೆ. ಚಹಾದಲ್ಲಿ ಬೇಯಿಸಿದ ಮೊಟ್ಟೆ ನಮ್ಮನೆಯವರಿಗೆ ಪ್ರಾಣ. ಬಿಳಿ ತಾವು ತಿಂದು ಹಳದಿ ನನ್ನ ತಟ್ಟೆಗೆ ಹಾಕುತ್ತಿದ್ದರು. ಡಾಕ್ಟರ ಭಯ ಅವರಿಗೆ, ಲಾಭ ನನಗೆ.

ಊಟದ ದುಡ್ಡು ಉಳಿಯಿತು.

ಆಗಸ್ಟ್ 4

ಬ್ಯಾಂಕಿಗೆ ಫೋನು ಮಾಡಿದೆ. ಮಿಸ್ ಯಿಪ್ ಅಂತೆ, ಹೊಸಬಳು, ಎಳೆಯ ಧ್ವನಿ. ಸುಲಭದ ತುತ್ತು ಅಂದುಕೊಂಡೆ.

"ನೋಡಮ್ಮ, ಬಳಸದೇ ಇರೋ ಕಾರ್ಡಿಗೆ ದುಡ್ಡು ಯಾಕೆ ಕೊಡ್ಲಿ? ಕತ್ತರಿ ಕೈಯಲ್ಲೇ ಹಿಡ್ಕೊಂಡಿದೀನಿ."

ಸಂಗೀತ ಬಂತು, ಹೋಯಿತು.

"ಮೇಡಂ, ಈ ವರ್ಷ ಮಾಫಿ ಕಷ್ಟ. ತುಂಬಾ ಬಳಸಿದೀರಲ್ಲ."

"ಎಲ್ಲಿ ಬಳಸಿದೀನಿ? ಒಂದು ಕಟ್ಟು ಸೊಪ್ಪು ಕೂಡ ಕೊಂಡಿಲ್ಲ ಅದರಲ್ಲಿ."

"ಖರೀದಿ ಅಲ್ಲ ಮೇಡಂ. ವಿಮಾನ ನಿಲ್ದಾಣದ ಲೌಂಜು. ಏಪ್ರಿಲ್ಲಿಂದ ಆರು ಸಲ. ಜೋಡಿ ಕಾರ್ಡಿನವರು, ಮಿಸ್ಟರ್ ಕ್ವೊಕ್ ಹಿಂಗ್-ತೋ. ಪ್ರತಿ ಸಲ ಜೊತೆಗೊಬ್ಬರು."

ಫೋನು ಹಿಡಿದೇ ಡ್ರಾಯರು ಎಳೆದು ನೋಡಿದೆ, ಅವರ ಕಾರ್ಡಿದ್ದ ಜಾಗ ಖಾಲಿ.

"ಮೇಡಂ? ಕಾರ್ಡು ಯಜಮಾನ್ರ ಹತ್ರಾನೇ ಇದೆ ತಾನೇ? ಕಳೆದುಹೋಗಿದ್ರೆ ಹೇಳಿ, ಈಗ್ಲೇ ನಿಲ್ಲಿಸ್ತೀನಿ."

"ಅವರ ಹತ್ರಾನೇ ಇದೆ" ಅಂದೆ. ಸುಳ್ಳಲ್ಲ.

ಇನ್ನು ಮುಂದೆ ಲೌಂಜಿಗೆ ಹೋದಾಗೆಲ್ಲ ನನ್ನ ಫೋನಿಗೆ ಸಂದೇಶ ಬರುವ ಹಾಗೆ ಮಾಡಿಸಿಕೊಂಡೆ. ಯೋಚಿಸಿ ಹೇಳುತ್ತೇನೆ ಅಂತ ಫೋನು ಇಟ್ಟೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಕಾರ್ಡಿಲ್ಲದೆ ಲೌಂಜಿಗೆ ಹೋದರೆ ತಲೆಗೆ ಆರುನೂರು. ಇಬ್ಬರು, ಆರು ಸಲ, ಏಳು ಸಾವಿರದ ಇನ್ನೂರು. ಶುಲ್ಕ ಕಳೆದರೂ ಐದು ಸಾವಿರದ ಮೇಲೆ ಲಾಭ. ಹನ್ನೊಂದು ವರ್ಷದಲ್ಲಿ ಕಾರ್ಡು ಲಾಭ ಮಾಡಿದ್ದು ಇದೇ ಮೊದಲು.

ಲೆಕ್ಕ ಮುಗಿದ ಮೇಲೆ ಕೋಪ ಬಂತು. ಪ್ರತಿ ಸಲ ಜೊತೆಗೊಬ್ಬರು ಅಂದಳಲ್ಲ. ಯಾರು? ಏಪ್ರಿಲ್ಲಿಗೆ ಅವರು ಅಲ್ಲಿಗೆ ಹೋಗಿ ವರ್ಷ ತುಂಬಿ ಎರಡು ತಿಂಗಳೂ ಆಗಿರಲಿಲ್ಲ, ಆಗಲೇ ಜೊತೆಗೊಬ್ಬಳಾ? ಅದೂ ನನ್ನ ಕಾರ್ಡಿನಲ್ಲಿ?

ಆಗಸ್ಟ್ 7

ತಾಮ್ ತಾತನ ಅಂಗಡಿಗೆ ಹೋದೆ. ಎಂಬತ್ತನಾಲ್ಕು ವರ್ಷದ ಮುದುಕ, ಇವತ್ತಿಗೂ ಕಾಗದದ ಫ್ರಿಜ್ಜಿಗೆ ಬಾಗಿಲು ತಾನೇ ಅಂಟಿಸುತ್ತಾನೆ. ನಡೆದದ್ದು ಹೇಳಿದೆ. ಅಂಟಿನ ಕುಂಚ ಕೆಳಗಿಟ್ಟ.

"ನಿಜವಾದ ಕಾರ್ಡು ಸುಟ್ಟೆಯಾ? ಹದಿನೆಂಟು ಡಾಲರು ಉಳಿಸಕ್ಕೆ?"

"ನಿನ್ನ ಬೆಲೆ ಜಾಸ್ತಿ ತಾತ."

"ಕಾಗದ ಯಾಕೆ ಸುಡ್ತೀವಿ ಹೇಳು? ಕಾಗದ ಇಲ್ಲಿ ಪೂರ್ತಿ ಹೋಗುತ್ತೆ, ಅಲ್ಲಿ ಪೂರ್ತಿ ಸಿಗುತ್ತೆ. ಕಳಿಸಿದ ಮೇಲೆ ಇಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ನೀನು ಹಾಕಿದ್ದರಲ್ಲಿ ಪ್ಲಾಸ್ಟಿಕ್ ಹೋಯ್ತು, ಖಾತೆ ಇಲ್ಲೇ ಉಳೀತು. ಆ ಕಡೆ ತುದಿ ಅವನ ಕೈಲಿ, ಈ ಕಡೆ ತುದಿ ನಿನ್ನ ಕೈಲಿ."

"ಅಂದ್ರೆ?"

"ಅಂದ್ರೆ ಬಾಗಿಲು ಹಾಕ್ಕೊಂಡಿಲ್ಲ ಕಣಮ್ಮ."

"ಅದಿರಲಿ. ಅವರ ಜೊತೆ ಯಾರೋ ಇದ್ದಾಳಂತೆ. ಯಾರು ಅಂತ ಗೊತ್ತು ಮಾಡ್ಕೊಳೋದು ಹೇಗೆ?"

ತಾತ ಕನ್ನಡಕ ಏರಿಸಿ ನನ್ನನ್ನು ಕಾಲಿಂದ ತಲೆತನಕ ನೋಡಿದ. ನೋಡುತ್ತಲೇ ಇದ್ದ.

"ನೀನು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?"

ನಾನು ಕೇಳಿದ್ದೇನು, ಅವನು ಕೇಳುವುದೇನು. ವಯಸ್ಸಾಯಿತು ಪಾಪ.

ಆಗಸ್ಟ್ 11

ಮಧ್ಯಾಹ್ನ ಮತ್ತೆ ಕಣ್ಣು ಹತ್ತಿತು. ಶಟರು ಅರ್ಧ ಇಳಿದಿತ್ತು, ಯಾರು ಇಳಿಸಿದರೋ. ಎದ್ದಾಗ ಫೋನಿನಲ್ಲಿ ಬ್ಯಾಂಕಿನ ಸಂದೇಶ: "ಲೌಂಜಿಗೆ ಬಂದದ್ದಕ್ಕೆ ವಂದನೆಗಳು. ಈ ವರ್ಷದ ಎಂಟು ಭೇಟಿಗಳಲ್ಲಿ ಒಂದು ಉಳಿದಿದೆ."

ನಾನು ಇಲ್ಲಿ ಬೆವರುತ್ತ ಕೂತಿದ್ದೇನೆ, ಅಲ್ಲಿ ಇಬ್ಬರೂ ತಣ್ಣಗೆ ತಿನ್ನುತ್ತಿದ್ದಾರೆ. ಬಾಯಲ್ಲಿ ಒಣ ಹಳದಿಯ ರುಚಿ. ಸಿಟ್ಟಿಗೆ ಬಾಯಿ ಒಣಗಿರಬೇಕು.

ಸಂಜೆ ಗಿರಾಕಿ ಒಬ್ಬಳು ಮುಂದೆ ಇಟ್ಟಿರುವ ಕೆಂಪು ಸೂಟ್‌ಕೇಸು ತೆರೆದು ನೋಡಿದಳು. ಒಳಗೆ ನನ್ನ ಕಂದು ಉಣ್ಣೆ ಸ್ವೆಟರು. ಪೆಟ್ಟಿಗೆ ಸೊಟ್ಟಗಾಗದಿರಲಿ ಅಂತ ಒಳಗೆ ಹಳೇ ಬಟ್ಟೆ ತುಂಬುವುದು ನಮ್ಮ ವಾಡಿಕೆ, ನಾನೇ ತುಂಬಿದ್ದಿರಬೇಕು. ಅವಳಿಗೆ ಬೇರೆ ಕೆಂಪು ಕೊಟ್ಟೆ, ಅವಳು ಕೇಳಿದ ಬೆಲೆಗೇ. ಚೌಕಾಸಿ ಮಾಡಲು ಬೇಜಾರಾಯಿತು.

ಆಗಸ್ಟ್ 16

ಮಿಸ್ ಯಿಪ್ ತಾನಾಗಿಯೇ ಫೋನು ಮಾಡಿದಳು.

"ಒಳ್ಳೆ ಸುದ್ದಿ ಮೇಡಂ. ಶುಲ್ಕ ಈ ಸಲ ಪೂರ್ತಿ ಕಟ್ಟಿದ್ರೆ ಮೇಲಿನ ದರ್ಜೆ ಕಾರ್ಡು. ಲೌಂಜಿಗೆ ಎಷ್ಟು ಸಲ ಬೇಕಾದ್ರೂ ಹೋಗಬಹುದು, ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು. ಮತ್ತೆ ವಿಮಾನದ ಟಿಕೆಟ್ಟು, ಒಬ್ಬರು ಹೊರಟ್ರೆ ಜೊತೆಗೊಬ್ಬರಿಗೆ ಉಚಿತ."

"ಹೋಗಿ ಬರೋದಕ್ಕಾ?"

"ಹೋಗೋದಕ್ಕೆ ಮಾತ್ರ ಮೇಡಂ."

ಕೆಟ್ಟ ವ್ಯಾಪಾರವಲ್ಲ. ಎಷ್ಟು ಸಲ ತಿರುಗಿಸಿ ಹಾಕಿದರೂ ಲೆಕ್ಕ ಶುಲ್ಕ ಕಟ್ಟುವ ಕಡೆಗೇ ವಾಲುತ್ತದೆ. ಕಟ್ಟುತ್ತೇನೆ ಅಂತ ಬಾಯಿ ತುದಿಗೆ ಬಂದಿತ್ತು. ಕಟ್ಟಿದರೆ ಅವರು ಅಲ್ಲಿ ಸುಖವಾಗಿರುತ್ತಾರೆ. ಆದರೆ ಆ ಜೊತೆಯವಳು? ಅವಳ ಊಟಕ್ಕೂ ನಾನೇ ಕಟ್ಟಬೇಕಾ? ಮೊದಲು ಅವಳ ಮುಖ ನೋಡಬೇಕು, ಆಮೇಲೆ ದುಡ್ಡು.

ಲಂಗದ ಸೊಂಟಕ್ಕೆ ಎರಡನೇ ಪಿನ್ನು ಹಾಕಿದೆ. ವಾನ್ ಗಂಜಿ ತಂದು ಎದುರಿಗಿಟ್ಟು ಕೂತಳು. "ತಿನ್ನಕ್ಕ. ನಿನ್ನ ಕೆನ್ನೆ ನೋಡಿದ್ರೆ ಬಡ್ಡಿಗೆ ಕೊಟ್ಟಿರೋ ಹಾಗಿದೆ." ಹೊಟ್ಟೆ ತುಂಬಿದೆ ಅಂದೆ. ಏನು ತಿಂದೆ ಅಂತ ಕೇಳಿದಳು. ಯೋಚಿಸಿದೆ, ನೆನಪಾಗಲಿಲ್ಲ.

ಕೆಂಪು ಪೆಟ್ಟಿಗೆಯಲ್ಲಿ ಈಗ ಮನೆಯ ಚಪ್ಪಲಿಯೂ, ರಕ್ತದೊತ್ತಡದ ಮಾತ್ರೆಯೂ ಇವೆ. ಮಾತ್ರೆಗಾಗಿ ಮನೆಯೆಲ್ಲ ಹುಡುಕಿದ್ದೆ. ಸಿಕ್ಕಿತಲ್ಲ. ಅಲ್ಲೇ ಇರಲಿ, ಮತ್ತೆ ಕಳೆಯುವುದು ಬೇಡ.

ಆಗಸ್ಟ್ 21

ವಿಮಾನ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಟಿಕೆಟ್ಟಿಲ್ಲದೆ ಒಳಗೆ ಬಿಡುವುದಿಲ್ಲ, ಅದಕ್ಕೆ ಇದ್ದುದರಲ್ಲಿ ಅತಿ ಅಗ್ಗದ್ದು ಕೊಂಡೆ. ತೈವಾನಿನ ಕಾವೊಸಿಯಂಗ್‌ಗೆ ಇವತ್ತು ಹೋಗಿ ನಾಳೆ ಬರುವುದು. ಹೋಗುವ ಉದ್ದೇಶವಿಲ್ಲ. ಅವಳನ್ನು ನೋಡಬೇಕು, ಅಷ್ಟೆ. ವಾನ್‌ಳಿಗೆ ಅಂಗಡಿ ನೋಡಿಕೋ ಅಂದರೆ, "ಈ ವಯಸ್ಸಲ್ಲಿ ಯಾರ ಜೊತೆ ಓಡಿಹೋಗ್ತಿದೀಯ?" ಅಂತ ನಕ್ಕಳು. ಹೊರಡುವಾಗ ಕೆಂಪು ಪೆಟ್ಟಿಗೆಯ ಹಿಡಿ ಕೈಗೆ ಬಂದಿತ್ತು. ಬರೀ ನೋಡಿ ಬರಲು ಪೆಟ್ಟಿಗೆ ಯಾಕೆ ಅಂತ ಅಲ್ಲೇ ಬಿಟ್ಟು ಬಂದೆ.

ಲೌಂಜಿನ ಬಾಗಿಲಲ್ಲಿ ಉದ್ದ ಮೇಜು, ಹಿಂದೆ ಬೂದು ಕೋಟಿನ ಹೆಂಗಸು. ನನ್ನ ಕಾರ್ಡು ಚಾಚಿದೆ. ಅವಳು ಅದರ ಕಡೆ ನೋಡಲೇ ಇಲ್ಲ.

"ಬನ್ನಿ ಮೇಡಂ. ಇವತ್ತು ತಡವಾಯ್ತಲ್ಲ."

"ನನ್ನ ಗುರುತಿದೆಯಾ?"

"ಗುರುತಿಲ್ದೆ ಏನು? ಯಜಮಾನ್ರು ಬೆಳಗ್ಗೇನೇ ಬಂದು ಕೂತಿದಾರೆ. ನಿಮ್ಮ ಹೆಸರು ಬರೆಸಿ ಹೋಗಿದಾರೆ, ನಿಮ್ಮ ಕಾರ್ಡು ಬೇಡ."

"ಅವರ ಜೊತೆ ಯಾವಾಗ್ಲೂ ಬರೋದು ಯಾರು?"

ಅವಳು ತಮಾಷೆ ಅಂದುಕೊಂಡು ನಕ್ಕಳು. "ಇನ್ಯಾರು ಮೇಡಂ? ನೀವೇ. ಅದೇ ಕಿಟಕಿ, ಅದೇ ಕುರ್ಚಿ." ಆಮೇಲೆ ತಲೆ ಓರೆ ಮಾಡಿ ನನ್ನ ಮುಖ ನೋಡಿದಳು. "ಆದ್ರೆ ನೀವು ಮಾತಾಡ್ತಿರೋದು ಇವತ್ತೇ ಮೊದಲು."

ಇನ್ನೊಬ್ಬಳಿಲ್ಲ ಅಂತ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದ ಮೇಲೆ ಅಂಗಡಿಯಲ್ಲಿ ಕಣ್ಣು ಹತ್ತಿದ ಮಧ್ಯಾಹ್ನಗಳು ನೆನಪಾದವು.

ಕಿಟಕಿಯ ಪಕ್ಕ ಎರಡು ಕುರ್ಚಿ. ಯಾರೂ ಇರಲಿಲ್ಲ. ಮೇಜಿನ ಮೇಲೆ ಎರಡು ಬಟ್ಟಲು ನೂಡಲ್ಸು, ಒಂದು ಅರ್ಧ ಖಾಲಿ. ಕಾಗದದ ಕರವಸ್ತ್ರ ಸಣ್ಣಗೆ ಮಡಿಸಿ ಅದರ ಮೇಲೆ ಊಟದ ಕಡ್ಡಿ ಇಟ್ಟಿತ್ತು. ಮನೆಯಲ್ಲಿ ಮೇಜು ಕೊಳೆಯಾಗುತ್ತದೆ ಅಂತ ನಾನು ಬೈದು ಬೈದು ಅವರಿಗೆ ಕಲಿಸಿದ್ದು. ನನ್ನ ಕುರ್ಚಿಯ ಎದುರು ಪುಟ್ಟ ತಟ್ಟೆ, ಅದರಲ್ಲಿ ಬಿಳಿ ಸುಲಿದು ತೆಗೆದ ಮೊಟ್ಟೆಯ ಹಳದಿ, ಗುಂಡಗೆ, ಒಡೆಯದೆ.

ಕೂತೆ. ಬೈಯಬೇಕು ಅಂತ ಬಂದವಳು ಅಂಗಡಿಯ ಬಾಡಿಗೆ ಏರಿದ್ದು, ವಾನ್‌ಳ ಮಂಡಿನೋವು, ಚಕ್ರದ ಕಂಪನಿಯವರ ಮೋಸ, ಎಲ್ಲ ಹೇಳಿದೆ. ನಾನು ಮಾತಾಡುವಾಗ ಎದುರಿನ ಬಟ್ಟಲಿನ ಆವಿ ನನ್ನ ಕಡೆ ಬಾಗುತ್ತಿತ್ತು. ನಿಲ್ಲಿಸಿದರೆ ನೇರವಾಗುತ್ತಿತ್ತು. ಮತ್ತೆ ಮಾತಾಡಿದೆ, ಮತ್ತೆ ಬಾಗಿತು.

ಕುರ್ಚಿ ಎಷ್ಟು ಮೆತ್ತಗಿದೆ ಅಂದರೆ ಕಾಲು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಏಳುತ್ತಿದ್ದಾರೆ. ಅವರವರ ವಿಮಾನ ಕರೆದಾಗ ಕೈಯಲ್ಲಿ ಟಿಕೆಟ್ಟು ಹಿಡಿದು ಹೋಗುತ್ತಾರೆ, ಆ ಕುರ್ಚಿಗೆ ಬೇರೆಯವರು ಬರುತ್ತಾರೆ. ನಮ್ಮ ಮೇಜಿನ ಆ ಕಡೆ ಟಿಕೆಟ್ಟಿಲ್ಲ. ನಾನು ಕಳಿಸಿದ್ದು ಕಾರ್ಡು ಮಾತ್ರ. ಕೂರಲು ಬಿಡುತ್ತಾರೆ, ಊಟ ಕೊಡುತ್ತಾರೆ, ಆದರೆ ಅವರ ಹೆಸರನ್ನು ಯಾವ ವಿಮಾನವೂ ಕರೆಯುವುದಿಲ್ಲ. ಏಪ್ರಿಲ್ಲಿನಿಂದ ಹೀಗೇ ಕೂತಿದ್ದಾರಾ?

ಈಗ ಕರೆದರು. "ಫೊಂಗ್ ಯುಕ್-ಲಿನ್." ನನ್ನನ್ನೇ. ಏಳಲು ಮನಸ್ಸಿಲ್ಲ.

ಹಳದಿ ಕೈಗೆ ತೆಗೆದುಕೊಂಡೆ. ತೂಕವೇ ಇಲ್ಲ, ಬೂದಿಯ ಉಂಡೆಯ ಹಾಗೆ.

ಮತ್ತೆ ಕರೆಯುತ್ತಿದ್ದಾರೆ. ಕೊನೆಯ ಕರೆಯಂತೆ.

ಆಗಸ್ಟ್ 22, ಕಾವೊಸಿಯಂಗ್

ಹಳದಿಯನ್ನು ತಟ್ಟೆಯಲ್ಲೇ ಇಟ್ಟು ಎದ್ದು ಬಂದೆ. ಅಭ್ಯಾಸಬಲ, ಎದ್ದಾಗ "ಬರ್ತೀನಿ" ಅಂದುಬಿಟ್ಟೆ. ವಿಮಾನದ ಬಾಗಿಲು ಮುಟ್ಟುವತನಕ ಹಿಂದೆ ತಿರುಗಿ ನೋಡಲಿಲ್ಲ. ಎಂಟನೇ ಭೇಟಿಯೂ ಮುಗಿಯಿತು ಅಂತ ಸಂದೇಶ ಬಂದಿದೆ.

ವಿಮಾನದಲ್ಲಿ ಕಿವಿ ನೋವು. ಇದಕ್ಕಾ ಜನ ಇಷ್ಟು ದುಡ್ಡು ಕೊಡುವುದು?

ಬೆಳಿಗ್ಗೆ ಹಸಿವಾಯಿತು. ಬೀದಿಯಲ್ಲಿ ದನದ ಮಾಂಸದ ನೂಡಲ್ಸು ಎರಡು ಬಟ್ಟಲು ತಿಂದೆ. ಎರಡನೆಯದಕ್ಕೆ ಬೆಲೆ ಇಳಿಸು ಅಂತ ಅಂಗಡಿಯವಳ ಜೊತೆ ಜಗಳವಾಡಿದೆ. "ಒಬ್ಬಳೇ ಎರಡು ತಿಂತೀಯ, ರಿಯಾಯಿತಿ ಬೇರೆ ಬೇಕಾ?" ಅಂದಳು. ಹತ್ತು ಇಳಿಸಿದಳು.

ಆಗಸ್ಟ್ 25

ಕೆಂಪು ಪೆಟ್ಟಿಗೆ ಪೂರ್ತಿ ಬಿಚ್ಚಿದೆ. ಸ್ವೆಟರು. ಚಪ್ಪಲಿ. ಮಾತ್ರೆ. ಬ್ಯಾಂಕಿನ ಪುಸ್ತಕ. ಮನೆಯ ಇನ್ನೊಂದು ಕೀಲಿ. ಎಲ್ಲದರ ಅಡಿಯಲ್ಲಿ, ನಾನು ಸತ್ತಾಗ ಉಡಿಸಲಿ ಅಂತ ಕಪಾಟಿನ ಮೇಲಿನ ಹಲಗೆಯಲ್ಲಿ ಎತ್ತಿಟ್ಟಿದ್ದ ನೀಲಿ ರೇಷ್ಮೆ ಅಂಗಿ. ಅದನ್ನು ತೆಗೆಯಬೇಕಾದರೆ ಏಣಿ ಬೇಕು. ತೋಳು ಒಳಗೆ ಹಾಕಿ ಮಡಿಸಿತ್ತು. ಆ ಮಡಿಕೆ ನನ್ನದೇ.

ಎಲ್ಲವನ್ನೂ ಅವುಗಳ ಜಾಗದಲ್ಲಿಟ್ಟೆ. ಪೆಟ್ಟಿಗೆಗೆ ಹಳೇ ದಿನಪತ್ರಿಕೆ ತುಂಬಿದೆ.

ಶುಲ್ಕದ ಲೆಕ್ಕಕ್ಕೆ ಮತ್ತೆ ಕೂತೆ. ಬರುವ ಕಡೆ ಪುಟ ತುಂಬಿತು: ಲೌಂಜು, ಊಟ, ಮೆತ್ತನೆ ಕುರ್ಚಿ, ಉಚಿತ ಟಿಕೆಟ್ಟು. ಹೋಗುವ ಕಡೆ ಸಾವಿರದ ಒಂಬೈನೂರ ಎಂಬತ್ತು ಮಾತ್ರ. ಇಷ್ಟು ಒಳ್ಳೆಯ ವ್ಯಾಪಾರ ನನಗೆ ಯಾರಾದರೂ ತಂದರೆ ನಾನು ಮೊದಲು ಕೇಳುವುದು, ಇದರಲ್ಲಿ ಅವರಿಗೇನು ಸಿಗುತ್ತದೆ ಅಂತ. ಈ ಕಾರ್ಡಿನ ಬಗ್ಗೆ ಅದನ್ನು ಯಾಕೆ ಕೇಳಲಿಲ್ಲವೋ.

ಲಂಗದ ಒಂದು ಪಿನ್ನು ತೆಗೆದೆ.

ಆಗಸ್ಟ್ 28

"ಯೋಚಿಸಿದ್ರಾ ಮೇಡಂ? ಶುಲ್ಕ ಕಟ್ತೀರಾ?" ಮಿಸ್ ಯಿಪ್ ಫೋನು.

ಕತ್ತರಿಯ ಮಾತು ಬಾಯಿಗೆ ಬಂತು. ಆಡಲಿಲ್ಲ.

"ಇಲ್ಲಮ್ಮ. ಜೋಡಿ ಕಾರ್ಡು ಮುಚ್ಚಿಬಿಡು. ನಮ್ಮನೆಯವರು ತೀರಿಕೊಂಡಿದಾರೆ."

ಅವಳು ಸಂಗೀತ ಹಾಕಲಿಲ್ಲ.

"ಯಾವಾಗ ಮೇಡಂ?"

"ಹೋದ ವರ್ಷ. ಫೆಬ್ರವರಿಯಲ್ಲಿ."

ಆ ಕಡೆ ಕೀಬೋರ್ಡಿನ ಟಕಟಕ ನಿಂತಿತು. ಅವಳ ಎದುರಿನ ಪರದೆಯಲ್ಲಿ ಎಂಟು ಭೇಟಿ, ಎಂಟೂ ಈ ವರ್ಷದವು. ಅವಳು ಓದುತ್ತಿರುವುದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

"ಮೇಡಂ, ಇಲ್ಲಿ..."

"ಗೊತ್ತಮ್ಮ."

"ಆದ್ರೆ ಅವರು..."

"ಗೊತ್ತು. ಅದನ್ನೆಲ್ಲ ಬರ್ಕೊಳ್ಳೋಕೆ ಹೋಗ್ಬೇಡ. ನಿನ್ನ ಕೆಲಸಕ್ಕೆ ತೊಂದರೆ."

ಪಕ್ಕದವರಿಗೆ ಕೇಳದ ಹಾಗೆ ಸಣ್ಣ ಧ್ವನಿಯಲ್ಲಿ ಕೇಳಿದಳು. "ಅವರು ಚೆನ್ನಾಗಿದಾರಾ ಮೇಡಂ?"

"ಊಟ ಪರವಾಗಿಲ್ಲ" ಅಂದೆ.

ಜೋಡಿ ಕಾರ್ಡು ಸೆಪ್ಟೆಂಬರ್ ಐದನೇ ತಾರೀಕು ಮುಚ್ಚುತ್ತದಂತೆ. ಮನೆಯವರನ್ನು ಕಳೆದುಕೊಂಡವರಿಗೆ ಒಂದು ವರ್ಷದ ಶುಲ್ಕ ಬ್ಯಾಂಕೇ ಬಿಡುತ್ತದಂತೆ, ನನ್ನ ಕಾರ್ಡು ಹಾಗೇ ಇರಲಿ ಅಂದಳು. ಇರಲಿ ಅಂದೆ. ಪುಕ್ಕಟೆ ಬಂದದ್ದನ್ನು ಬಿಡುವಷ್ಟು ನಾನಿನ್ನೂ ಕೆಟ್ಟಿಲ್ಲ. ಹನ್ನೊಂದು ವರ್ಷ ಆಡಿದ ಯಾವ ಸುಳ್ಳಿಗೂ ಇಷ್ಟು ಬೇಗ ಮಾಫಿ ಸಿಕ್ಕಿರಲಿಲ್ಲ.

ಫೋನು ಇಟ್ಟ ಮೇಲೆ ಹೊಳೆಯಿತು. ಐದನೇ ತಾರೀಕು ಆ ಬೂದು ಕೋಟಿನವಳು ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾಳೆ. ಒಳಗೆ ಬಿಡುವುದಿಲ್ಲ, ಮುಂದೆ ಹೋಗಲು ಟಿಕೆಟ್ಟಿಲ್ಲ. ಗಂಟೆಗಟ್ಟಲೆ ನಿಂತು ಅಭ್ಯಾಸವಿಲ್ಲದ ಮನುಷ್ಯ, ಮಂಡಿ ಬೇರೆ ನೋವು. ಎಲ್ಲಿಗೆ ಹೋಗುತ್ತಾರೆ? ಗೊತ್ತಿರುವ ವಿಳಾಸ ಇದೊಂದೇ.

ಬಾಗಿಲಿನ ಚಿಲಕ ನೋಡಿ ಬಂದೆ. ಹಾಕಿತ್ತು. ಹಾಕಿರಬೇಕೋ ತೆಗೆದಿರಬೇಕೋ ತಿಳಿಯಲಿಲ್ಲ.

ಸೆಪ್ಟೆಂಬರ್ 5

ನಮ್ಮ ಪಂಚಾಂಗದ ಏಳನೇ ತಿಂಗಳ ಹದಿನಾಲ್ಕು. ಹೋದವರೆಲ್ಲ ಬೀದಿಗೆ ಬರುವ ದಿನ. ಊರಿನ ತುಂಬ ತಗಡಿನ ಡಬ್ಬಗಳಲ್ಲಿ ಬೆಂಕಿ.

ಬೆಳಿಗ್ಗೆಯೇ ತಾಮ್ ತಾತನ ಬಾಗಿಲಲ್ಲಿ ನಿಂತೆ. "ಟಿಕೆಟ್ಟು ಬೇಕು ತಾತ. ವಿಮಾನದ್ದು."

"ಈ ಸಲ ಕಾಗದದ್ದೇ ತಾನೇ?" ಅಂದ. ಮುದುಕನಿಗೆ ಬಾಯಿ ಮಾತ್ರ ಗಟ್ಟಿ.

ತೆಗೆದು ಕೊಟ್ಟದ್ದು ಎರಡು, ನಡುವೆ ಚುಕ್ಕಿಗೆರೆ, ಒಂದಕ್ಕೊಂದು ಅಂಟಿಕೊಂಡಿವೆ. ಹೆಸರಿಗೂ ಊರಿಗೂ ಜಾಗ ಖಾಲಿ.

"ಒಂದು ಸಾಕು."

"ಜೋಡಿಯಾಗೇ ಬರೋದು. ಬಿಡಿ ಮಾರಲ್ಲ. ಒಂದರ ಬೆಲೆ ಕೊಡು, ಇನ್ನೊಂದು ಉಚಿತ."

"ನಿನ್ನಲ್ಲೂ ಜೊತೆಗೊಬ್ಬರಿಗೆ ಉಚಿತವಾ?"

ತಾತ ಕತ್ತರಿ ತಂದು ಮೇಜಿನ ಮೇಲಿಟ್ಟ. ಚುಕ್ಕಿಗೆರೆಯ ಮೇಲೆ ನಾನೇ ಕತ್ತರಿಸಿದೆ. ಕೇಳಿದ ಮೂವತ್ತೆಂಟೂ ಕೊಟ್ಟು ಬಂದೆ.

ಸಂಜೆ ವಾನ್ ತನ್ನ ಅಂಗಡಿಯ ಬಿಸ್ಕತ್ತಿನ ಡಬ್ಬ ತಂದು ಕಾಲುದಾರಿಯ ಮೇಲಿಟ್ಟಳು. ಟಿಕೆಟ್ಟಿನ ಮೇಲೆ ದೊಡ್ಡದಾಗಿ ಬರೆದೆ: ಕ್ವೊಕ್ ಹಿಂಗ್-ತೋ. ಊರು: ಹೊಕ್ಕೈಡೋ. ಕಿಟಕಿ ಪಕ್ಕ. ಎರಡು ಚಹಾ ಮೊಟ್ಟೆಯನ್ನೂ ಇಟ್ಟೆ. "ಹಳದಿ ನೀವೇ ತಿನ್ನಿ, ಇನ್ನು ಡಾಕ್ಟರ ಭಯ ಯಾಕೆ" ಅಂದೆ. ಬೆಂಕಿ ಹಚ್ಚಿದೆ. ವಾಸನೆಯಿಲ್ಲ. ಹೊಗೆ ತೆಳ್ಳಗೆ ಬಂದು ಒಂದು ಸಲ ನನ್ನ ಕಡೆ ಬಾಗಿತು. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ನೇರವಾಗಿ, ಮೇಲೆ ಹೋಯಿತು.

"ಅಕ್ಕ, ತೋಳ ಮೇಲೆ ಬೂದಿ" ಅಂದಳು ವಾನ್.

ಬೆವರು ಇಳಿಯುವ ಸೆಕೆ. ಆ ಬಿಳಿ ಚೂರು ತಣ್ಣಗಿತ್ತು. ಒರೆಸಲು ಮುಟ್ಟಿದೆ, ಬೆರಳು ಒದ್ದೆಯಾಯಿತು. ಇನ್ನೊಂದು ಚೂರು ಬರುತ್ತದಾ ಅಂತ ಕಾದೆ. ಬರಲಿಲ್ಲ.

ವಾನ್ ಉಳಿದ ಟಿಕೆಟ್ಟನ್ನೂ ಡಬ್ಬಕ್ಕೆ ಹಾಕಲು ಹೊರಟಿದ್ದಳು. ಕೈ ಹಿಡಿದೆ.

"ಖಾಲಿ ಕಾಗದ ಅಲ್ವಾ ಅಕ್ಕ? ಇಟ್ಕೊಂಡು ಏನ್ ಮಾಡ್ತೀಯ?"

"ದುಡ್ಡು ಕೊಟ್ಟಿದೀನಿ" ಅಂದೆ.

ಮನೆಗೆ ತಂದು ಡ್ರಾಯರಿನಲ್ಲಿ, ಅವರ ಕಾರ್ಡಿದ್ದ ಜಾಗದಲ್ಲೇ ಇಟ್ಟಿದ್ದೇನೆ. ಇಡುವ ಮುಂಚೆ ಹಿಂದೆ ಮುಂದೆ ತಿರುಗಿಸಿ ಪೂರ್ತಿ ಓದಿದೆ. ಅವಧಿ ಮುಗಿಯುವ ತಾರೀಕು ಹಾಕಿಲ್ಲ. ವಾರ್ಷಿಕ ಶುಲ್ಕವೂ ಇಲ್ಲ.